ನಮೂನೆ-ಎ ಬ್ಯಾಡ ತಮ್ಮಾ, ಕುರಿ ಹೊರಗಿದ್ದಾಗ ಸರ್ವೇನೂ ಬ್ಯಾಡ

ತಮ್ಮಾ, ನಮೂನೆ-ಎ ತುಂಬಿದ ಫೋಟೊ ಹಾಕಿ, ಅಡವಿಯಾಗ ಕುರಿ ಮೇಯಿಸೋ ಹಕ್ಕಿಗೆ ಇಷ್ಟು ಸಾಕಾ ಅಂತ ಕೇಳೀದಿ. ಅದನ್ನ ಕೊಡಬ್ಯಾಡ. ಎ ಇರೋದು ಉಳುವ, ವಾಸ ಮಾಡುವ ಜಾಗಕ್ಕ. ಮೇಯಿಸೋದು ಸಮುದಾಯದ ಹಕ್ಕು, ಅರಣ್ಯ ಹಕ್ಕು ಕಾಯ್ದೆ 2006ರ 3(1)(ಡಿ). ಅದಕ್ಕ ನಮೂನೆ-ಬಿ.

ನಾವು ಮೊದಲು ಎ ಕೊಟ್ಟು ಒಂದು ವರ್ಷ ಕಳಕೊಂಡ್ವಿ. ಆಮೇಲೆ ಬಿ ಕೊಟ್ಟು ಸುಮ್ಮನ ಕುಂತದ್ದು ಇನ್ನೂ ದೊಡ್ಡ ತಪ್ಪು. ದೀಪಾವಳಿ ಮುಗಿಸಿ ಕುರಿ ಹೊಡಕೊಂಡು ಹೋಗಿ, ಮೂರು ತಾಲೂಕು ಆಚೆ ಹೊಲದಾಗ ತರುಬಿದ್ವಿ. ಆಗ ಸ್ಥಳ ಪರಿಶೀಲನೆಗೆ ಬಂದ್ರು. ಊರಾಗಿದ್ದವರು ಇಬ್ಬರು ಮುದುಕರು, ಒಬ್ಬರಿಗೆ ಕಣ್ಣು ಕಾಣಂಗಿಲ್ಲ. ಹಟ್ಟಿಯಾಗ ಗೇಣೆತ್ತರ ಹಿಕ್ಕಿ ಇತ್ತು, ಜಾಲಿ ಮುಳ್ಳಿಗೆ ಕುರಿ ಉಣ್ಣೆ ಸಿಕ್ಕೊಂಡಿತ್ತು, ಕರಕೊಂಡು ಹೋಗಿ ತೋರಿಸೋರು ಇರಲಿಲ್ಲ. ಪಂಚನಾಮೆಯಾಗ 'ಮೇಯಿಸಿದ ಕುರುಹು ಇಲ್ಲ' ಅಂತ ಬಿತ್ತು. ಗ್ರಾಮಸಭೆ ಠರಾವು ಒಪ್ಪಿಗೆ ಇಲ್ಲಂದ್ರ ಅದರ ಮ್ಯಾಲೆ ಉಪವಿಭಾಗ ಸಮಿತಿಗೆ ದೂರು ಒಯ್ಯಾಕ 60 ದಿನ ಇರ್ತದ. ನಾವು ತಿರುಗಿ ಬಂದದ್ದು ಮುಂಗಾರಿಗೆ.

ಅದೇ ಕಾಯ್ದೆಯ ನಿಯಮ 12(1)(ಸಿ) ಓದು. ಪಶುಪಾಲಕರ, ಅಲೆಮಾರಿಗಳ ಅರ್ಜಿ ಪರಿಶೀಲಿಸುವಾಗ ಅವರಾಗಲಿ ಅವರ ಪ್ರತಿನಿಧಿಯಾಗಲಿ ಹಾಜರಿರಲೇಬೇಕು. ಯಾವ ತಿಂಗಳು ಊರಾಗಿರ್ತೀರಿ, ಯಾರಿಗೆ ಫೋನ್ ಮಾಡಬೇಕು, ಅರ್ಜಿ ಜೊತೀನ ಬರೆದು ಕೊಟ್ಟು ಸ್ವೀಕೃತಿ ತಗೋ. 'ಬರೋ ಮುಂದ ಹೇಳ್ತೀವಿ' ಅನ್ನೋ ಬಾಯಿಮಾತು ನಂಬಿ ಕೂಡಬ್ಯಾಡ!

ಪುರಾವೆಗೆ ಬರೀ ಆಧಾರ್ ಝೆರಾಕ್ಸ್ ಇಟ್ಟೀಯಲ್ಲ, ಅದರಿಂದ ಏನೂ ಆಗಂಗಿಲ್ಲ. ಅಜ್ಜನ ಕಾಲದ ಅರಣ್ಯ ಇಲಾಖೆ ಮೇವಿನ ಪಾಸು ಹುಡುಕು, ನಮ್ಮಲ್ಲಿ ಅದು ಭಂಡಾರದ ಚೀಲದಾಗ ಸಿಕ್ತು. ಲ್ಯಾಮಿನೇಶನ್ ಮಾತ್ರ ಮಾಡಿಸಬ್ಯಾಡ, ಪ್ಲಾಸ್ಟಿಕ್ ಹಾಳೆಯಾಗ ಹಂಗೇ ಇಡು. ದಾರಿಯೊಳಗಿನ ಬೀರದೇವರ ಗುಡಿ, ಕುರಿಗೆ ನೀರು ಕುಡಿಸೋ ಹಳೇ ಬಾವಿ, ಹಿರಿಯರ ಬರಹದ ಹೇಳಿಕೆ, ಇವೆಲ್ಲ ನಿಯಮ 13ರಾಗ ನಡೀತಾವ. ಪರಿಶಿಷ್ಟ ಪಂಗಡದವರಲ್ಲದಿದ್ರ 13-12-2005ಕ್ಕ ಮೊದಲಿನ ಮೂರು ತಲೆಮಾರು, ಅಂದ್ರ 75 ವರ್ಷದ ವಾಸ ಕೇಳ್ತಾರ. ತಿರುಗಾಡೋ ಮಂದಿಗೆ ಇದು ಅನ್ಯಾಯನ, ಆದ್ರ ಕಾಯ್ದೆಯಾಗ ಐತಿ, ಅದಕ್ಕೂ ಕಾಗದ ಕೂಡಿಸು.

ಅದಕ್ಕೂ ಮೊದಲು ಆ ಜಾಗ ಅರಣ್ಯವೋ ಗೋಮಾಳವೋ ನೋಡು. ಸರ್ಕಾರದ ಭೂನಕ್ಷೆ ತೋರಿಸೋ ದಿಶಾಂಕ್ ಆ್ಯಪ್ ಛಲೋ ಐತಿ, ಗುಡ್ಡದ ಮ್ಯಾಲೆ ನಿಂತು ತೆರೆದ್ರ ಸರ್ವೆ ನಂಬರ್ ಬರ್ತದ. ಗಡಿ ಮಾತ್ರ ಅದರ ಮ್ಯಾಲೆ ವಾದಿಸಬ್ಯಾಡ. ಗೋಮಾಳ ಆದ್ರ ತಹಶೀಲ್ದಾರರ ಕಚೇರಿ, ಭೂಕಂದಾಯ ನಿಯಮ 97: ನೂರು ಜಾನುವಾರಿಗೆ 30 ಎಕರೆ. ಊರಿನ ಜಾನುವಾರು ಲೆಕ್ಕ ಕಡಿಮೆ ಬಿದ್ರ ಉಳಿದ ಗೋಮಾಳ 'ಹೆಚ್ಚುವರಿ' ಅಂತ ಕೈಬಿಡ್ತದ. ಅದಕ್ಕ ಜಾನುವಾರು ಗಣತಿಯವರು ಬಂದಾಗಲೂ ಮನ್ಯಾಗ ಒಬ್ಬರಿರಲಿ. ಕುರಿಗೆ ಪಿಪಿಆರ್ ರೋಗದ ಲಸಿಕೆ ಹಾಕಿಸಿದಾಗ ಎಷ್ಟು ಕುರಿ, ಯಾವ ತಾರೀಖು ಅಂತ ಚೀಟಿ ಬರೆಸಿ ಇಟ್ಕೋ.