ಶೇಕಡಾ 38 ಅಂದರೆ ಎಷ್ಟು ಜನ?

ವಿರಾಜಪೇಟೆಯ ಗೆಳೆಯರಿಗೆ ನಮಸ್ಕಾರ.

ಆಪರೇಷನ್ ಆದ ಮೇಲೆ ಬಾಯಿ ಕ್ಯಾನ್ಸರ್ ಮತ್ತೆ ಬರುತ್ತದೆಯೇ ಎಂದು ಸುಳಿವು ಕೊಡುವ ಮಾರ್ಕರ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸಲೀಸಾಗಿದೆ. ಕತ್ತರಿಸಿ ತೆಗೆದ ನಾಲಿಗೆಯ ತುಂಡಿನ ಅಂಚಿಗೆ ಲ್ಯಾಬಿನಲ್ಲಿ ಇಂಕು ಬಳಿಯುವ ಸಾಲುಗಳು ಹಿಡಿಸಿದವು. ಎರಡನೇ ಪುಟಕ್ಕೆ ಬಂದಾಗ ಮಾತ್ರ ಸಿಟ್ಟು ಬಂತು.

ನೀವು ಬರೆದದ್ದು ಇದು: "ಅಂಚಿನಲ್ಲಿ ಪಿ53 ಜೀನ್ ಬದಲಾಗಿದ್ದರೆ ಶೇ. 38ರಷ್ಟು ರೋಗಿಗಳಿಗೆ ಕ್ಯಾನ್ಸರ್ ಮರಳುವುದು ಖಚಿತ."

ಪಿ53 ಅಂದರೆ ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಜೀನ್. ಈ 38 ಬಂದದ್ದು 1995ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಪ್ರಕಟಿಸಿದ ಅಧ್ಯಯನದಿಂದ. ಅದರಲ್ಲಿದ್ದವರು ತಲೆ-ಕುತ್ತಿಗೆ ಕ್ಯಾನ್ಸರಿನ 25 ಜನ. ಮೈಕ್ರೋಸ್ಕೋಪಿನಲ್ಲಿ ಎಲ್ಲರ ಅಂಚೂ ಕ್ಲೀನ್, ಅಂದರೆ ಕ್ಯಾನ್ಸರ್ ಕಾಣಲಿಲ್ಲ. ಜೀನ್ ಪರೀಕ್ಷೆಯಲ್ಲಿ 13 ಜನರ ಅಂಚಿನಲ್ಲಿ ಬದಲಾವಣೆ ಸಿಕ್ಕಿತು. ಅವರಲ್ಲಿ 5 ಜನರಿಗೆ ಅದೇ ಜಾಗದಲ್ಲಿ ರೋಗ ಮರಳಿತು. ಉಳಿದ 12 ಜನರಲ್ಲಿ ಒಬ್ಬರಿಗೂ ಮರಳಲಿಲ್ಲ. ಹದಿಮೂರರಲ್ಲಿ ಐದು, ಅದೇ ನಿಮ್ಮ 38. ಹಾಗಾದರೆ ಬದಲಾವಣೆ ಇದ್ದೂ ರೋಗ ಮರಳದ 8 ಜನ ನಿಮ್ಮ ವಾಕ್ಯದಲ್ಲಿ ಎಲ್ಲಿ ಹೋದರು?

ನಾನು ಕೆಲಸ ಕಲಿತದ್ದು ಮೈಸೂರಿನ ಒಂದು ಸಣ್ಣ ಪತ್ರಿಕೆಯಲ್ಲಿ. ಅಲ್ಲಿನ ಹಿರಿಯ ಉಪಸಂಪಾದಕರೊಬ್ಬರು ಶೇಕಡಾ ಅಂತ ಕಂಡ ಕಡೆಯೆಲ್ಲ ಪಕ್ಕದಲ್ಲಿ "ಎಷ್ಟರಲ್ಲಿ?" ಎಂದು ಕೆಂಪು ಪೆನ್ಸಿಲ್‌ನಲ್ಲಿ ಬರೆದು ವಾಪಸ್ ಕೊಡುತ್ತಿದ್ದರು. ಕಾಫಿ ಇಳುವರಿಯಾಗಲಿ, ಚುನಾವಣೆಯಾಗಲಿ, ಬಿಡುತ್ತಿರಲಿಲ್ಲ. ಕೊನೆ ಬಸ್ ತಪ್ಪಿದರೂ ಸರಿ, ಫೋನ್ ಮಾಡಿ ಕೇಳಿಕೊಂಡು ಬಾ ಅನ್ನೋರು. ಉತ್ತರ ಸಿಗದಿದ್ದರೆ ಅಂಕಿಯನ್ನೇ ಹೊಡೆದು ಹಾಕುತ್ತಿದ್ದರು. ನನಗೂ ಅದೇ ಅಭ್ಯಾಸ ಹತ್ತಿದೆ.

ನಮ್ಮ ಪತ್ರಿಕೆ ಸಿದ್ದಾಪುರ, ಪಾಲಿಬೆಟ್ಟದ ಲೈನ್ ಮನೆಗಳಿಗೂ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಿಗೂ, ಹೋಗುತ್ತದೆ. ಎಲೆ-ಅಡಿಕೆ, ಹೊಗೆಸೊಪ್ಪು ಬಾಯಲ್ಲಿಟ್ಟುಕೊಂಡೇ ಕಾಫಿ ಕುಯ್ಯುವವರು ಅಲ್ಲಿದ್ದಾರೆ. ದವಡೆ ಆಪರೇಷನ್ ಮಾಡಿಸಿಕೊಂಡು ಬಂದ ತಾಯಿಗೆ ಮಗ ಈ ಸಾಲು ಓದಿ ಹೇಳಿದ ಅಂದುಕೊಳ್ಳಿ. ಹೇಗೂ ಬರುತ್ತೆ, ಸುಮ್ನೆ ಯಾಕೆ ಆಸ್ಪತ್ರೆಗೆ ಅಲೆಯೋದು ಅಂತ ಆಕೆ ಕೂತುಬಿಡಬಹುದು ಅಲ್ವಾ? ರೋಗ ಮರಳುವುದು ಜಾಸ್ತಿ ಮೊದಲ ಎರಡು ವರ್ಷಗಳಲ್ಲಿ. ತಪ್ಪದೆ ತೋರಿಸಿಕೊಳ್ಳಬೇಕಾದ ಕಾಲವೂ ಅದೇ. ನಿಮ್ಮ ಲೇಖನದಲ್ಲಿ ಈ ಮಾತೇ ಇಲ್ಲ.

ಅದರ ಕೆಳಗೇ "ಈ ಪರೀಕ್ಷೆ ಈಗ ಲಭ್ಯ" ಎಂದಿದ್ದೀರಿ. ಇದಿನ್ನೂ ಎಲ್ಲರಿಗೂ ಮಾಡುವ ಮಾಮೂಲಿ ಪರೀಕ್ಷೆ ಆಗಿಲ್ಲ. ಡಾಕ್ಟರು ಇವತ್ತಿಗೂ ಮುಖ್ಯವಾಗಿ ನೋಡುವುದು ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಅಂಚಿನಲ್ಲಿ 5 ಮಿಲಿಮೀಟರಿನಷ್ಟಾದರೂ ಒಳ್ಳೆಯ ಮಾಂಸ ಸಿಕ್ಕಿದೆಯೇ, ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯೇ ಎಂದು. ಇದನ್ನು ಮೊದಲು ಹೇಳಿ, ಆಮೇಲೆ ಜೀನ್ ವಿಷಯಕ್ಕೆ ಬನ್ನಿ.

"ಖಚಿತ" ತೆಗೆಯಿರಿ. 25, 13, 5, 12 ನಾಲ್ಕನ್ನೂ ಬರೆಯಿರಿ. ಇಂಕಿನ ಸಾಲುಗಳನ್ನು ಮುಟ್ಟಬೇಡಿ. ಬೇಗ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.