ಎಸ್ಪ್ರೆಸೊ ಯಂತ್ರದ ಒತ್ತಡ ಇಳಿಸಬಹುದೇ?

ಪ್ರಶ್ನೆ: ನಮ್ಮ ಎಸ್ಪ್ರೆಸೊ ಯಂತ್ರದ ಪೆಟ್ಟಿಗೆಯ ಮೇಲೆ 15 ಬಾರ್ (ಒತ್ತಡದ ಅಳತೆಮಾನ) ಎಂದು ಬರೆದಿದೆ. ಕಾಫಿ ಪುಡಿ ಹಾಕುವ ಬಟ್ಟಲಿನ ಬದಲು ತೂತಿಲ್ಲದ ಬಟ್ಟಲು ಹಾಕಿ, ಒತ್ತಡ ತೋರಿಸುವ ಗೇಜ್ ಜೋಡಿಸಿ ನೋಡಿದಾಗ ಮುಳ್ಳು 12ಕ್ಕೆ ನಿಂತಿತು. ಕಾಫಿ ಹುಳಿಯೂ ಕಹಿಯೂ ಆಗುತ್ತಿದೆ. ಒತ್ತಡವನ್ನು ನಾವೇ ಇಳಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಳಿಸಬಹುದು. 15 ಬಾರ್ ಎಂಬುದು ಪಂಪಿನ ಗರಿಷ್ಠ ಸಾಮರ್ಥ್ಯ. ಕಾಫಿ ಇಳಿಯಲು ಸುಮಾರು 9 ಬಾರ್ ಸಾಕು. ಒತ್ತಡ ಅತಿಯಾದರೆ ನೀರು ಪುಡಿಯ ಬಿಲ್ಲೆಯನ್ನು ಸೀಳಿಕೊಂಡು ಒಂದೇ ಕಡೆ ನುಗ್ಗುವುದರಿಂದ, ಅಲ್ಲಿನ ಪುಡಿಯಿಂದ ಕಹಿಯೂ ಸರಿಯಾಗಿ ನೆನೆಯದ ಉಳಿದ ಪುಡಿಯಿಂದ ಹುಳಿಯೂ ಬರುತ್ತವೆ.

ಹೆಚ್ಚುವರಿ ನೀರನ್ನು ತೊಟ್ಟಿಗೆ ಮರಳಿಸುವ ಸ್ಪ್ರಿಂಗ್ ವಾಲ್ವ್ ಅನೇಕ ಯಂತ್ರಗಳಲ್ಲಿ ಇರುತ್ತದೆ. ಪ್ಲಗ್ ಕಿತ್ತು, ಯಂತ್ರ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ಬಿಚ್ಚಿ, ವಾಲ್ವಿನ ಸ್ಕ್ರೂವನ್ನು ಕಾಲು ಸುತ್ತಿನಷ್ಟು ಮಾತ್ರ ಸಡಿಲಿಸಿ, ಮುಚ್ಚಳ ಹಾಕಿ ಮತ್ತೆ ಅಳೆಯಿರಿ. ಕೆಲವು ಮಾದರಿಗಳಲ್ಲಿ ಸ್ಕ್ರೂ ಇರುವುದಿಲ್ಲ, ಸ್ಪ್ರಿಂಗನ್ನೇ ಬದಲಿಸಬೇಕು. ನೀರು ಹರಿಯದೆ ನಿಂತಾಗಿನ ಅಳತೆ ಕಾಫಿ ಇಳಿಯುವಾಗಿನದಕ್ಕಿಂತ ತುಸು ಹೆಚ್ಚಿರುವುದರಿಂದ ಗೇಜ್ 10 ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ವಾರಂಟಿ ಉಳಿದಿದ್ದರೆ ದಯವಿಟ್ಟು ನೀವು ಬಿಚ್ಚಬೇಡಿ.

ಬೋರ್‌ವೆಲ್ ನೀರು ಬಳಸುತ್ತಿದ್ದರೆ ಇನ್ನೊಂದು ಮಾತು. ಗಡಸು ನೀರಿನ ಬಿಳಿಯ ಸುಣ್ಣದ ಪದರ ವಾಲ್ವಿನಲ್ಲಿ ಕೂತರೆ ನೀವು ಹೊಂದಿಸಿದ ಒತ್ತಡ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ತಯಾರಕರು ಹೇಳಿದ ದ್ರಾವಣದಿಂದ ಸುಣ್ಣ ತೆಗೆದು, ಆಮೇಲೆ ಸ್ಕ್ರೂ ಮುಟ್ಟಿ.