ಡಸ್ಕಿ ಟ್ರ್ಯಾಕಿಗೆ ಎಂಟು ದಿನ ಸಾಕಾ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಮೂರು ವರ್ಷದಿಂದ ಆಕ್ಲೆಂಡಿನಲ್ಲಿದ್ದೇನೆ. ಫೆಬ್ರವರಿಯಲ್ಲಿ ತಮ್ಮ ಬೆಂಗಳೂರಿನಿಂದ ಬರುತ್ತಾನೆ. ನ್ಯೂಜಿಲೆಂಡಿನ ದಕ್ಷಿಣದ ಫಿಯೋರ್ಡ್‌ಲ್ಯಾಂಡಿನಲ್ಲಿ ಡಸ್ಕಿ ಟ್ರ್ಯಾಕ್ ನಡೆಯಬೇಕು ಅಂತ ಇಬ್ಬರಿಗೂ ಆಸೆ. ಕೈಯಲ್ಲಿರುವುದು ಎಂಟು ದಿನ. ಕುಮಾರ ಪರ್ವತ, ಕೊಡಚಾದ್ರಿ ಎಲ್ಲ ಹತ್ತಿದ್ದೇವೆ, ಮಳೆ ನಮಗೆ ಹೊಸದಲ್ಲ. ಎಂಟು ದಿನ ಸಾಕಾ? ಊರಿಂದ ತಮ್ಮ ತಿನ್ನಲು ಏನೇನು ತರಬಹುದು?

ಉತ್ತರ: ಎಂಟು ದಿನ ಸಾಲುವುದಿಲ್ಲ. ನಿಮ್ಮ ಉತ್ಸಾಹ ನೋಡಿ ಖುಷಿಯಾಯಿತು, ಆದರೂ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಡಸ್ಕಿ ಟ್ರ್ಯಾಕ್ 84 ಕಿ.ಮೀ. ಹಾವ್‌ರೊಕೊ ಸರೋವರದಿಂದ ಮಾನಪೌರಿ ಸರೋವರದ ವೆಸ್ಟ್ ಆರ್ಮ್‌ವರೆಗೆ, ನಡುವೆ ರಾತ್ರಿ ತಂಗಲು ಏಳು ಹಟ್. ಎರಡೂ ತುದಿಗೆ ದೋಣಿಯೇ ದಾರಿ. ಬರೀ ನಡೆಯುವುದಕ್ಕೇ ಎಂಟರಿಂದ ಹತ್ತು ದಿನ ಬೇಕು ಅಂತ ಅಲ್ಲಿನ ಸಂರಕ್ಷಣಾ ಇಲಾಖೆ ಹೇಳುತ್ತದೆ. ಸಮುದ್ರದ ಕಡೆಯ ಸಪ್ಪರ್ ಕೋವ್‌ಗೆ ಹೋಗಿಬರುವುದನ್ನು ಬಿಟ್ಟರೆ ಎರಡು ದಿನ ಉಳಿಯುತ್ತದೆ ನಿಜ. ಆದರೆ ಆಕ್ಲೆಂಡಿನಿಂದ ಹೋಗಿ ಬರಲು ಆ ಎರಡು ದಿನವೂ ಖರ್ಚು. ಮಳೆ ಬಂದರೆ ಕೂತು ಕಾಯಲು ಒಂದು ದಿನವೂ ಉಳಿಯಲಿಲ್ಲ, ನೋಡಿ. ನನ್ನ ಭಯ ಇರುವುದು ಅಲ್ಲೇ.

ಮಳೆ ಹೊಸದಲ್ಲ ಅಂದಿರಿ. ಫಿಯೋರ್ಡ್‌ಲ್ಯಾಂಡಿನ ಮಿಲ್ಫರ್ಡ್ ಸೌಂಡಿನಲ್ಲಿ ವರ್ಷಕ್ಕೆ ಸುಮಾರು 6,800 ಮಿ.ಮೀ. ಮಳೆ, ನಮ್ಮ ಆಗುಂಬೆಯ ಹತ್ತಿರ ಹತ್ತಿರವೇ. ಆದರೆ ನಾವು ಆರಿದ್ರಾ, ಪುನರ್ವಸು ಅಂತ ನಕ್ಷತ್ರ ಹಿಡಿದು ಮಳೆ ಲೆಕ್ಕ ಹಾಕುವವರು. ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಬೇಸಿಗೆಯ ಫೆಬ್ರವರಿಯಲ್ಲೂ ಸುರಿಯುತ್ತದೆ, ಮೇಲಿನ ಕಣಿವೆದಾರಿಯಲ್ಲಿ ಹಿಮವೂ ಬೀಳಬಹುದು. ಇನ್ನೊಂದು, ನಮ್ಮ ಕಾಡಿನ ಮಣ್ಣು ನೀರು ಕುಡಿಯುತ್ತದೆ. ಅಲ್ಲಿ ಕಡಿದಾದ ಬಂಡೆ, ಅದರ ಮೇಲೆ ಪಾಚಿ ಮತ್ತು ತೆಳು ಮಣ್ಣು. ಬಿದ್ದ ನೀರೆಲ್ಲ ಸೀದಾ ಹೊಳೆಗೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಮಧ್ಯಾಹ್ನಕ್ಕೆ ಎದೆಮಟ್ಟ ಆಗುತ್ತದೆ. ಇಳಿಯುವುದೂ ಅಷ್ಟೇ ಬೇಗ, ಅದೇ ಪುಣ್ಯ.

ಡಸ್ಕಿ ನಡೆದಾಗ ಲಾಕ್ ಮರೀ ಹಟ್‌ನಲ್ಲಿ ನಾವು ಎರಡು ರಾತ್ರಿ ಕಾದೆವು. ಲಾಕ್ ಮರೀ ಅಂದರೆ ಭೂಕುಸಿತದಿಂದ ಹೊಳೆ ಕಟ್ಟಿಕೊಂಡು ಆದ ಕೆರೆ, ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನೀರಲ್ಲಿ ನಿಂತಿವೆ. ದಡದಲ್ಲಿ ಒಂದು ಕೋಲು ನೆಟ್ಟು ಅದಕ್ಕೆ ಚಾಕುವಿನಲ್ಲಿ ಗೀರು ಹಾಕಿ, ಗಂಟೆಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆವು. ಮೊದಲ ದಿನ ಸಂಜೆ ಕೋಲೇ ಕಾಣಲಿಲ್ಲ. ಮಾರನೇ ದಿನ ಮಧ್ಯಾಹ್ನ ಮೇಲಿನ ಗೀರು ಕಂಡಿತು, ಆಮೇಲೆ ಎರಡನೆಯದು. ನಮ್ಮ ಹತ್ತಿರ ಎರಡು ದಿನದ ಊಟ ಹೆಚ್ಚಿಗೆ ಇತ್ತು, ಹಾಗಾಗಿ ನೆಮ್ಮದಿಯಿಂದ ಕೂತಿದ್ದೆವು. ಅದು ಇಲ್ಲದಿದ್ದರೆ ಹಸಿವಿಗೋ ದೋಣಿಯ ಬುಕಿಂಗಿಗೋ ಹೆದರಿ ಹೊಳೆಗೆ ಇಳಿಯುತ್ತಿದ್ದೆವೇನೋ. ದಯವಿಟ್ಟು ಹಾಗೆ ಮಾತ್ರ ಇಳಿಯಬೇಡಿ.

ಮುಖ್ಯ ಹೊಳೆಗಳಿಗೆ ತಂತಿ ಸೇತುವೆ ಇವೆ, ಒಟ್ಟು 21. ಸೇತುವೆ ಅಂದರೆ ಕಾಲಿಗೆ ಒಂದು ತಂತಿ, ಎರಡು ಕೈಗೆ ಎರಡು ತಂತಿ, ಅಷ್ಟೇ. ಒಂದು ಸಲಕ್ಕೆ ಒಬ್ಬರೇ ಹೋಗಬೇಕು. ಬೆನ್ನಿನ ಚೀಲ ಒಂದು ಕಡೆ ಎಳೆದರೆ ತಂತಿಯೂ ಅದೇ ಕಡೆ ವಾಲುತ್ತದೆ, ಅದಕ್ಕೇ ಭಾರವನ್ನು ನಡುಮಧ್ಯ ತುಂಬಿ, ಹೊರಗಡೆ ಏನೂ ನೇತುಹಾಕಬೇಡಿ.

ಹಟ್ ಅಂದಾಗ ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಬಿಸಿಬಿಸಿ ಅನ್ನ ಸಾರು ನೆನಪಾಗಿರಬಹುದು ಅಲ್ವಾ? ಇಲ್ಲಿ ಮಲಗಲು ಹಾಸಿಗೆ, ತಲೆ ಮೇಲೆ ಸೂರು ಸಿಗುತ್ತದೆ. ಊಟ, ಸ್ಟವ್, ಗ್ಯಾಸ್, ಪಾತ್ರೆ ಎಲ್ಲ ನೀವೇ ಹೊರಬೇಕು. ಫೋನ್ ಸಿಗ್ನಲ್ ಇಲ್ಲ. ಅಪಾಯದಲ್ಲಿ ಸಂಕೇತ ಕಳಿಸುವ ಲೊಕೇಟರ್ ಬೀಕನ್ ಬಾಡಿಗೆಗೆ ಸಿಗುತ್ತದೆ, ಅದಿಲ್ಲದೆ ಹೊರಡಲೇಬೇಡಿ. ಪ್ರತಿ ಹಟ್‌ನ ಪುಸ್ತಕದಲ್ಲಿ ಹೆಸರು, ತಾರೀಖು, ಮುಂದೆ ಎಲ್ಲಿಗೆ ಅಂತ ಬರೆಯಿರಿ. ನೀವು ವಾಪಸ್ ಬರದಿದ್ದರೆ ಹುಡುಕುವವರು ಮೊದಲು ನೋಡುವುದು ಅದನ್ನೇ.

ಹಾಗಾದರೆ ಈ ಎಂಟು ದಿನ ಏನು ಮಾಡುವುದು? ಕೆಪ್ಲರ್ ಟ್ರ್ಯಾಕ್ ನಡೆಯಿರಿ. ಟೆ ಅನೌ ಊರಿನ ಪಕ್ಕದಲ್ಲೇ ಶುರು, 60 ಕಿ.ಮೀ., ಮೂರು ನಾಲ್ಕು ದಿನ. ಬೇಸಿಗೆಯಲ್ಲಿ ಅಲ್ಲಿನ ಹಟ್‌ಗಳಲ್ಲಿ ಗ್ಯಾಸ್ ಒಲೆ ಇರುತ್ತದೆ, ನೋಡಿಕೊಳ್ಳಲು ಒಬ್ಬರು ಇರುತ್ತಾರೆ. ಜಾಗ ಬೇಗ ತುಂಬುತ್ತದೆ, ಇವತ್ತೇ ಬುಕ್ ಮಾಡಿ. ಲಕ್ಸ್‌ಮೋರ್ ಹಟ್ ದಾಟಿದ ಮೇಲೆ ಏಣು ಹಿಡಿದು ನಡೆಯುವಾಗ ಗಾಳಿ ಹೇಗೆ ತಳ್ಳುತ್ತದೆ ಅಂತ ಗೊತ್ತಾಗುತ್ತದೆ. ಡಸ್ಕಿಗೆ ಇನ್ನೊಂದು ವರ್ಷ, ಹದಿನಾಲ್ಕು ದಿನ ರಜೆ ಹಾಕಿ ಹೋಗಿ.

ಇನ್ನು ತಿನ್ನುವುದು. ಗೊಜ್ಜವಲಕ್ಕಿ, ಚಟ್ನಿಪುಡಿ, ಕೋಡುಬಳೆ, ತಮ್ಮ ಏನೇ ತಂದರೂ ವಿಮಾನದಲ್ಲಿ ಕೊಡುವ ಅಥವಾ ಆನ್‌ಲೈನಿನಲ್ಲಿ ತುಂಬುವ ಅರ್ಜಿಯಲ್ಲಿ ಬರೆಯಲೇಬೇಕು. ಬರೆದರೆ ನೋಡಿ ಬಿಡುತ್ತಾರೆ, ಇಲ್ಲವೇ ತೆಗೆದಿಡುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಅಮ್ಮ ಕಟ್ಟಿಕೊಟ್ಟ ಜೇನುತುಪ್ಪ ಊರಲ್ಲೇ ಇರಲಿ, ಅದನ್ನು ಬಿಡುವುದಿಲ್ಲ. ನಡೆದ ಬೂಟನ್ನೂ ಬರೆಯಬೇಕು, ಮಣ್ಣಿದ್ದರೆ ತಡೆಯುತ್ತಾರೆ. ಕೊಡಚಾದ್ರಿಯ ಕೆಂಪು ಮಣ್ಣು ಅಡಿಯ ಸಂದಿಯಲ್ಲಿ ಒಣಗಿ ಕೂತಿರುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಸಂದಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ ತರಲು ಈಗಲೇ ಹೇಳಿ.